ಅರಳು ಮರಳಿನ ಹಿಂದಿರುವ ಕಿರುನಾಳಗಳು

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮುಪ್ಪು ಬಂದೊಡನೆ ಬುದ್ಧಿ ಮಂಕಾಗುವುದು ಲೋಕಸಹಜ. ಅದಕ್ಕೆ ಮದ್ದೂ ಇಲ್ಲ, ವಿಚಾರಣೆಯೂ ಬೇಕಾಗಿಲ್ಲ ಎಂಬ ಭಾವನೆ ಆ ಮೂರು ಮಾತುಗಳಲ್ಲಿ ಅಡಗಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆದರೆ ಈ ಒಂದು ಗಾದೆಯನ್ನು ಸುಳ್ಳು ಮಾಡಿ ತೋರಿಸಿದವರು ನಮ್ಮಲ್ಲಿಯೇ ಇದ್ದಾರೆ. ಇದೇ ಮಾತನ್ನು ಹೆಸರಾಗಿಟ್ಟುಕೊಂಡ ಬೇಂದ್ರೆಯವರ ಕವನಸಂಗ್ರಹಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮುಪ್ಪಿಗೂ ಮಂಕುತನಕ್ಕೂ ಗಂಟು ಹಾಕಲೇಬೇಕಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಹಾಗಾದರೆ ಕೆಲವರ ಬುದ್ಧಿ ಮಾತ್ರ ಏಕೆ ಮಂಕಾಗುತ್ತದೆ? ಈ ಮಂಕಿನಲ್ಲಿಯೂ ಬಗೆಬಗೆಯುಂಟು. ಹೆಂಡತಿಯ ಮುಖವನ್ನೂ ಗುರುತಿಸಲಾರದಷ್ಟು ಮರೆವು ಕವಿಯುವುದು ಒಂದು ಬಗೆ; ಅದರ ಹೆಸರು ಈಗ ಎಲ್ಲರ ಬಾಯಲ್ಲಿದೆ. ಇನ್ನೊಂದು ಬಗೆಯಲ್ಲಿ ಮರೆವು ಮುಂದಾಗಿ ಕಾಣುವುದಿಲ್ಲ. ಮನೆಯ ಯಜಮಾನರು ನಿವೃತ್ತರಾಗಿ ಹತ್ತು ವರ್ಷವಾಗಿದೆ ಎನ್ನೋಣ. ಮೊಮ್ಮಕ್ಕಳ ಹೆಸರು, ಹಳೆಯ ಸಂಬಳದ ಲೆಕ್ಕ, ಇಂದಿನ ತಾರೀಖು ಎಲ್ಲವೂ ನೆನಪಿನಲ್ಲಿವೆ. ಆದರೆ ಪತ್ರಿಕೆ ಹಿಡಿದು ಕುಳಿತರೆ ಮೊದಲ ಪುಟ ಮಗುಚುವುದಿಲ್ಲ. ಸ್ನಾನಕ್ಕೆ ಏಳಿ ಎಂದರೆ "ಆಗಲಿ" ಎನ್ನುತ್ತಾರೆ, ಏಳುವುದಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಬರುತ್ತದೆ. ಆದರೆ ಕೇಳಿದವರು ಬೇಸತ್ತು ಎದ್ದುಹೋಗುವ ಹೊತ್ತಿಗೆ ಬರುತ್ತದೆ. ಪಾದ ನೆಲಕ್ಕೆ ಅಂಟಿಕೊಂಡಂತೆ ಪುಟ್ಟ ಪುಟ್ಟ ಹೆಜ್ಜೆಗಳು. ಬಚ್ಚಲಿಗೆ ಹೋಗುವುದರೊಳಗೆ ಅವಸರ ಮೀರಿರುತ್ತದೆ. ಬಂಧುವೊಬ್ಬರ ಸಾವಿನ ಸುದ್ದಿಗೆ ಸುಮ್ಮನಿದ್ದವರು ರೇಡಿಯೊದ ಯಾವುದೋ ಹಾಡಿಗೆ ಗಳಗಳನೆ ಅತ್ತುಬಿಡುತ್ತಾರೆ.

ಇಂಥವರನ್ನು ಮನೆಯವರು ರೋಗಿಯೆಂದು ಎಣಿಸುವುದು ಅಪರೂಪ. ಸೋಮಾರಿತನವೆಂದು ಒಬ್ಬರು, ಹಟವೆಂದು ಇನ್ನೊಬ್ಬರು, ಅಧಿಕಾರ ಹೋದ ಕೊರಗೆಂದು ಮತ್ತೊಬ್ಬರು ಅರ್ಥ ಮಾಡುತ್ತಾರೆ. ಅವರ ಸ್ವಭಾವವೇ ಕೆಟ್ಟಿತೆಂಬ ತೀರ್ಪು ಹೊರಬೀಳುತ್ತದೆ. ಆದರೆ ಇವರಲ್ಲಿ ಅನೇಕರಿಗೆ ಕೆಟ್ಟಿರುವುದು ಸ್ವಭಾವವಲ್ಲ, ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು. ವೈದ್ಯರು ಇದನ್ನು ಮಿದುಳಿನ ಕಿರುನಾಳಗಳ ರೋಗ ಎಂದು ಕರೆಯುತ್ತಾರೆ. ಈ ರೋಗವನ್ನು ಕಂಡವರು, ಕಂಡು ಮರೆತವರು, ಮತ್ತೆ ಕಂಡವರು ಇವರ ಕಥೆ ಸುಮಾರು ಎರಡು ಶತಮಾನಗಳಷ್ಟು ಉದ್ದವಾಗಿದೆ. ಅದನ್ನು ತಿಳಿದುಕೊಂಡರೆ ಮನೆಯ ಹಿರಿಯರ ವಿಷಯದಲ್ಲಿ ನಾವು ಕೊಡುವ ತೀರ್ಪುಗಳು ಕೊಂಚ ಮೆತ್ತಗಾದಾವು.

ನಾಲೆಯ ಕೊನೆಯ ಗದ್ದೆಗಳು

ಮಿದುಳಿನ ತೂಕ ಶರೀರದ ಐವತ್ತನೆಯ ಒಂದು ಪಾಲು. ಆದರೆ ಶರೀರಕ್ಕೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ಬಳಸಿಕೊಳ್ಳುತ್ತದೆ. ಇಷ್ಟು ದುಬಾರಿಯಾದ ಅಂಗಕ್ಕೆ ರಕ್ತ ಒದಗಿಸುವ ದೊಡ್ಡ ಧಮನಿಗಳು ಬುಡದಲ್ಲಿ ಒಂದು ವರ್ತುಲವಾಗಿ ಕೂಡಿಕೊಂಡಿವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತನ್ನ ಮಿದುಳಿನ ಅಂಗರಚನೆಯ ಗ್ರಂಥದಲ್ಲಿ ಇದನ್ನು ವಿವರಿಸಿದ. ಅದಕ್ಕೆ ಚಿತ್ರ ಬರೆದುಕೊಟ್ಟವನು, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ದೇವಾಲಯವನ್ನು ಕಟ್ಟಿಸಿದ ಕ್ರಿಸ್ಟಫರ್ ರೆನ್. ವರ್ತುಲದ ಒಂದು ಕಡೆ ಅಡ್ಡಿಯಾದರೆ ಇನ್ನೊಂದು ಕಡೆಯಿಂದ ರಕ್ತ ಹರಿದೀತು; ಪ್ರಕೃತಿಯ ಜಾಣ್ಮೆ ಅದು.

ಆದರೆ ಈ ಜಾಣ್ಮೆ ಬುಡದಲ್ಲಿಯೇ ಮುಗಿಯುತ್ತದೆ. ದೊಡ್ಡ ಧಮನಿಗಳಿಂದ ಕವಲೊಡೆದು ಮಿದುಳಿನ ಆಳಕ್ಕೆ ನೆಟ್ಟಗೆ ಇಳಿಯುವ ಕಿರುನಾಳಗಳ ವ್ಯಾಸ ಅರ್ಧ ಮಿಲಿಮೀಟರಿಗೂ ಕಡಿಮೆ. ಇವು ಒಂದಕ್ಕೊಂದು ಕೂಡುವುದಿಲ್ಲ. ಕಾಲುವೆಯ ಕೊನೆಯ ಗದ್ದೆಯವನ ಪಾಡು ನಮ್ಮ ರೈತರಿಗೆ ಗೊತ್ತು. ಮೇಲೆ ಎಲ್ಲಿಯಾದರೂ ಹೂಳು ತುಂಬಿದರೆ ಮೊದಲು ಒಣಗುವುದು ಅವನ ಪೈರು. ಅವನಿಗೆ ಬೇರೆ ಕಾಲುವೆಯೂ ಇಲ್ಲ. ಮಿದುಳಿನ ಆಳದ ಬಿಳಿಯ ಭಾಗ ಅಂಥ ಕೊನೆಯ ಗದ್ದೆ.

ಆ ಬಿಳಿಯ ಭಾಗದಲ್ಲಿ ಇರುವುದಾದರೂ ಏನು? ಮಿದುಳಿನ ಹೊರಪದರದ ಬೂದುಬಣ್ಣದ ಭಾಗದಲ್ಲಿ ನರಕೋಶಗಳ ಒಡಲುಗಳಿದ್ದರೆ, ಒಳಗಿನ ಬಿಳಿಯ ಭಾಗ ಅವುಗಳನ್ನು ಒಂದಕ್ಕೊಂದು ಜೋಡಿಸುವ ತಂತುಗಳ ಕಟ್ಟು. ಊರುಗಳ ನಡುವಿನ ತಂತಿಸಾಲೆಂದರೂ ಸರಿ. ಊರುಗಳು ಸುಭದ್ರವಾಗಿದ್ದು ತಂತಿ ಅಲ್ಲಲ್ಲಿ ಶಿಥಿಲವಾದರೆ ಸುದ್ದಿ ನಾಶವಾಗುವುದಿಲ್ಲ, ತಡವಾಗುತ್ತದೆ. ಹಣೆಯ ಹಿಂದಿರುವ ಮುಂಭಾಗದ ಮಿದುಳು ಈ ತಂತಿಗಳನ್ನು ಬಹಳವಾಗಿ ನೆಚ್ಚಿಕೊಂಡಿದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಯೋಜಿಸುವುದು, ತಾನಾಗಿ ಕೆಲಸಕ್ಕೆ ಕೈಹಾಕುವುದು, ಬೇಡವಾದದ್ದನ್ನು ತಡೆಹಿಡಿಯುವುದು ಅದರ ಹೊಣೆ. ಆದ್ದರಿಂದ ಕಿರುನಾಳಗಳು ಕೆಟ್ಟಾಗ ನೆನಪಿಗಿಂತ ಮೊದಲು ಚುರುಕು ಹೋಗುತ್ತದೆ, ಉತ್ಸಾಹ ಹೋಗುತ್ತದೆ, ಅಡಿಗೆಯ ಕ್ರಮ ತಪ್ಪುತ್ತದೆ, ನಡಿಗೆ ಕೆಡುತ್ತದೆ.

ಪ್ಯಾರಿಸ್ಸಿನ ಮುದುಕರು

ಇದನ್ನು ಮೊದಲು ಕಂಡದ್ದು ಪ್ಯಾರಿಸ್ ನಗರದಲ್ಲಿ. ಅಲ್ಲಿ ಬಿಸೆತ್ರ್ ಎಂಬುದು ದಿಕ್ಕಿಲ್ಲದ ಮುದುಕರಿಗೂ ಸಾಲ್‌ಪೆತ್ರಿಯೇರ್ ಎಂಬುದು ಮುದುಕಿಯರಿಗೂ ಆಶ್ರಯವಾಗಿದ್ದ ಬೃಹತ್ ಧರ್ಮಾಸ್ಪತ್ರೆಗಳು. ಬಡವರು ವರ್ಷಗಟ್ಟಲೆ ಅಲ್ಲಿದ್ದು ಅಲ್ಲಿಯೇ ಸಾಯುತ್ತಿದ್ದರು. ಬದುಕಿದ್ದಾಗ ರೋಗಿಯನ್ನು ಕಂಡ ವೈದ್ಯನೇ ಸತ್ತ ಮೇಲೆ ಮಿದುಳನ್ನೂ ಕಾಣುವ ಅವಕಾಶ ಬೇರೆಲ್ಲಿಯೂ ಅಷ್ಟಾಗಿ ಇರಲಿಲ್ಲ. ಆ ಅನಾಮಿಕ ವೃದ್ಧರ ಋಣ ವೈದ್ಯಶಾಸ್ತ್ರದ ಮೇಲೆ ದೊಡ್ಡದಾಗಿದೆ.

1838ರಲ್ಲಿ ಅಮೆದೇ ದೆಶಾಂಬ್ರ್ ಎಂಬ ತರುಣ ವೈದ್ಯ ಇಂಥ ಮಿದುಳುಗಳ ಆಳದಲ್ಲಿ ಪುಟ್ಟ ಗುಣಿಗಳನ್ನು ಕಂಡು ಅವಕ್ಕೆ "ಲಾಕ್ಯೂನ್" ಎಂದು ಹೆಸರಿಟ್ಟ. ಹೊಂಡ, ತೆರಪು ಎಂದು ಅದರ ಅರ್ಥ. ರಕ್ತ ಸಿಗದೆ ಮೆತ್ತಗಾಗಿ ಸತ್ತ ಭಾಗವನ್ನು ಶರೀರ ಹೀರಿಕೊಂಡ ಮೇಲೆ ಉಳಿದ ತೆರಪು ಇದೆಂದು ಅವನ ವಿವರಣೆ. ನಾಲ್ಕು ವರ್ಷಗಳ ತರುವಾಯ ಮಾಕ್ಸಿಮ್ ದ್ಯುರಾಂ-ಫಾರ್ದೆಲ್ ಇನ್ನೊಂದು ಸೂಕ್ಷ್ಮವನ್ನು ಗಮನಿಸಿದ. ಕೆಲವು ಮಿದುಳುಗಳನ್ನು ಸೀಳಿ ನೋಡಿದರೆ ಬಿಳಿಯ ಭಾಗದ ತುಂಬ ಜರಡಿಯಂತೆ ತೂತುಗಳು; ಪ್ರತಿಯೊಂದು ತೂತಿನ ನಡುವೆಯೂ ಒಂದು ರಕ್ತನಾಳ. ಇದು ಸತ್ತ ಭಾಗದ ಗುಣಿಯಲ್ಲ, ನಾಳದ ಸುತ್ತಲಿನ ತೆರಪು ಹಿಗ್ಗಿರುವುದು ಎಂದು ಅವನು ಬೇರ್ಪಡಿಸಿದ. ಸೂಕ್ಷ್ಮದರ್ಶಕದ ಬಳಕೆ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಬರಿಗಣ್ಣಿನಿಂದ ಮಾಡಿದ ಈ ವಿಂಗಡಣೆ ಇಂದಿಗೂ ನಿಂತಿದೆ. ಅದನ್ನು ಮುಂದೆ ನೋಡೋಣ.

ಶತಮಾನದ ಕೊನೆಯಲ್ಲಿ ಕಥೆ ಜರ್ಮನಿಗೆ ಸಾಗುತ್ತದೆ. ಅಂದು ಯೂರೋಪಿನ ಹುಚ್ಚಾಸ್ಪತ್ರೆಗಳನ್ನು ತುಂಬಿದ್ದುದು ಉಪದಂಶ ರೋಗ ಮಿದುಳಿಗೇರಿ ಬರುತ್ತಿದ್ದ ಪಾರ್ಶ್ವವಾಯುವಿನ ಹುಚ್ಚು. ಬುದ್ಧಿ ಕುಂದಿ ಕೈಕಾಲು ಸೋತವರೆಲ್ಲರಿಗೂ ಅದೇ ಹಣೆಪಟ್ಟಿ. ಅದರೊಡನೆ ಬರುವ ಅಪಮಾನವೂ ಸಣ್ಣದಲ್ಲ. ಯೇನಾ ನಗರದ ಆಸ್ಪತ್ರೆಯಲ್ಲಿ ಮುಖ್ಯನಾಗಿದ್ದ ಆಟೋ ಬಿನ್ಸ್‌ವಾಂಗರ್ 1894ರಲ್ಲಿ ಈ ಗೋಜಲನ್ನು ಬಿಡಿಸಹೊರಟ. ತಾನು ಕಂಡ ಕೆಲವು ರೋಗಿಗಳಲ್ಲಿ ಹೊರಪದರ ಸರಿಸುಮಾರು ಕ್ಷೇಮವಾಗಿದ್ದು ಒಳಗಿನ ಬಿಳಿಯ ಭಾಗ ಮಾತ್ರ ಸವೆದುಹೋಗಿದೆ. ಇದಕ್ಕೆ ಉಪದಂಶವಲ್ಲ, ರಕ್ತನಾಳಗಳು ಗಡಸಾದದ್ದೇ ಕಾರಣ ಎಂದು ವಾದಿಸಿದ. ತತ್ತ್ವಜ್ಞಾನಿ ನೀಚೆಯನ್ನು 1889ರಲ್ಲಿ ಬುದ್ಧಿ ಕೆಟ್ಟಾಗ ಕರೆತಂದು ಸೇರಿಸಿದ್ದು ಇದೇ ಬಿನ್ಸ್‌ವಾಂಗರನ ಆಸ್ಪತ್ರೆಗೆ. ಅವನಿಗೂ ಉಪದಂಶದ ಹಣೆಪಟ್ಟಿಯೇ ಬಿದ್ದಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬಿನ್ಸ್‌ವಾಂಗರ್ ಸೂಕ್ಷ್ಮದರ್ಶಕದ ಸಾಕ್ಷ್ಯವನ್ನು ಒದಗಿಸಲಿಲ್ಲ. ಆ ಕೊರತೆಯನ್ನು ತುಂಬಿದವನು ಅಲೋಯ್ಸ್ ಆಲ್ಝೈಮರ್. ಮರೆವಿನ ರೋಗಕ್ಕೆ ತನ್ನ ಹೆಸರನ್ನು ಕೊಟ್ಟವನು ಈತನೇ. ಆ ರೋಗವನ್ನು ವರ್ಣಿಸುವುದಕ್ಕೆ ಮೊದಲು ಅವನು ವರ್ಷಗಳ ಕಾಲ ದುಡಿದದ್ದು ಮಿದುಳಿನ ರಕ್ತನಾಳಗಳ ಮೇಲೆ ಎಂಬುದನ್ನು ಜಗತ್ತು ಮರೆತಿದೆ.

ಅತ್ತ ಬಿಸೆತ್ರ್ ಆಸ್ಪತ್ರೆಯಲ್ಲಿ ಪಿಯೆರ್ ಮಾರೀ 1901ರಲ್ಲಿ ಐವತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ. ಒಂದು ದಿನ ಇದ್ದಕ್ಕಿದ್ದಂತೆ ಒಂದು ಕೈಯೋ ಕಾಲೋ ಸೋಲುತ್ತದೆ. ಕೆಲವು ದಿನಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಮನೆಯವರು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಇಂಥವು ಕೂಡುತ್ತ ಹೋದಂತೆ ಮಾತು ತೊದಲುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಕಾರಣವಿಲ್ಲದೆ ಅಳು ಅಥವಾ ನಗು ಬರುತ್ತದೆ. ನಮ್ಮ ಯಜಮಾನರ ಲಕ್ಷಣಗಳಲ್ಲಿ ಮುಖ್ಯವಾದವೆಲ್ಲ ಆಗಲೇ ಕಾಗದದ ಮೇಲೆ ಬಂದಾಗಿತ್ತು.

ಮರೆವಿನ ಅರ್ಧ ಶತಮಾನ

ಕಂಡದ್ದನ್ನು ಮರೆಯುವುದು ವ್ಯಕ್ತಿಗಳಿಗಷ್ಟೇ ಅಲ್ಲ, ಶಾಸ್ತ್ರಗಳಿಗೂ ಬರುವ ರೋಗ. ಮಾರೀಯ ನಂತರದ ಅರ್ಧ ಶತಮಾನದಲ್ಲಿ ಕಿರುಗುಣಿಗಳ ವಿಚಾರ ಮೂಲೆ ಸೇರಿತು. ಮುದುಕರ ಬುದ್ಧಿ ಮಂಕಾದರೆ "ರಕ್ತನಾಳ ಗಡಸಾಗಿದೆ" ಎಂದುಬಿಡುವುದು ಎಲ್ಲ ದೇಶಗಳ ವೈದ್ಯರ ವಾಡಿಕೆಯಾಯಿತು. ಯಾವ ನಾಳ, ಎಲ್ಲಿ, ಎಷ್ಟು ಎಂದು ಕೇಳುವವರಿಲ್ಲ. ಅರಳು ಮರಳಿಗೆ ಇದೊಂದು ವೈದ್ಯಕೀಯ ಪರ್ಯಾಯಪದ, ಅಷ್ಟೇ. ನಾಳಗಳನ್ನು ಹಿಗ್ಗಿಸುತ್ತವೆಂಬ ಗುಳಿಗೆಗಳು ಹೇರಳವಾಗಿ ಮಾರಾಟವಾದವು. ಬುದ್ಧಿ ಮಾತ್ರ ಮರಳಲಿಲ್ಲ.

ಕಿರುಗುಣಿಗಳಿಗೆ ಮರುಜೀವ ಕೊಟ್ಟವನು ಕೆನಡಾದಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ ನಗರದಲ್ಲಿ ಕೆಲಸಮಾಡಿದ ಮಿಲ್ಲರ್ ಫಿಷರ್. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ವೈದ್ಯನಾಗಿದ್ದು, ಹಡಗು ಮುಳುಗಿ, ಜರ್ಮನರ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದು ಬಂದವನು ಈತ. ತಾಳ್ಮೆಯ ಪಾಠ ಅಲ್ಲಿಯೇ ಆಯಿತೋ ಏನೋ! 1042 ಮಂದಿಯ ಮಿದುಳುಗಳನ್ನು ಶವಪರೀಕ್ಷೆಯಲ್ಲಿ ಸಾಲಾಗಿ ನೋಡಿ, ಅವುಗಳಲ್ಲಿ 114ರಲ್ಲಿ ಒಟ್ಟು 376 ಗುಣಿಗಳನ್ನು ಎಣಿಸಿ 1965ರಲ್ಲಿ ವರದಿ ಮಾಡಿದ. ಆ ಜನರಲ್ಲಿ ಬಹುತೇಕ ಎಲ್ಲರಿಗೂ ರಕ್ತದ ಒತ್ತಡ ಹೆಚ್ಚಾಗಿತ್ತು. ಮುಂದಿನ ವರ್ಷಗಳಲ್ಲಿ ಗುಣಿಯಿಂದ ಹಿಂದಕ್ಕೆ ಸಾಗಿ, ತೆಳುಪದರಗಳಾಗಿ ಕತ್ತರಿಸುತ್ತ ಹೋಗಿ, ಮುಚ್ಚಿಹೋದ ಕಿರುನಾಳವನ್ನೇ ಪತ್ತೆಮಾಡಿದ. ವರ್ಷಾನುಗಟ್ಟಲೆ ಒತ್ತಡ ತಾಳಿದ ನಾಳದ ಗೋಡೆ ದಪ್ಪವಾಗಿ, ಗಾಜಿನಂತೆ ಬಿಗಿತುಕೊಂಡು, ಒಳಗಿನ ದಾರಿ ಕಿರಿದಾಗಿತ್ತು.

ಇಷ್ಟಾದರೂ ಈ ಗುಣಿಗಳು ಬುದ್ಧಿಯನ್ನು ಕೆಡಿಸುತ್ತವೆಂದು ಒಪ್ಪಲು ಅನೇಕರು ಸಿದ್ಧರಿರಲಿಲ್ಲ. 1970ರ ಸುಮಾರಿಗೆ ಇಂಗ್ಲೆಂಡಿನ ನ್ಯೂಕಾಸ್‌ಲ್‌ನಲ್ಲಿ ಟಾಮ್ಲಿನ್ಸನ್, ಬ್ಲೆಸ್ಡ್, ರಾತ್ ಎಂಬ ಮೂವರು ವೃದ್ಧರ ಮಿದುಳುಗಳನ್ನು ಅಳೆದು ನೋಡಿ, ಬುದ್ಧಿ ಕೆಟ್ಟವರಲ್ಲಿ ಹೆಚ್ಚು ಮಂದಿಗೆ ಇದ್ದದ್ದು ಆಲ್ಝೈಮರನ ರೋಗ. ರಕ್ತವಿಲ್ಲದೆ ಸತ್ತ ಭಾಗ ಬಹಳ ದೊಡ್ಡದಾಗಿದ್ದರೆ ಮಾತ್ರ ಬುದ್ಧಿ ಕೆಡುವಂತೆ ಕಾಣುತ್ತದೆ ಎಂದು ತೋರಿಸಿದರು. 1974ರಲ್ಲಿ ವ್ಲಾಡಿಮಿರ್ ಹಚಿನ್ಸ್ಕಿ ಮತ್ತು ಸಂಗಡಿಗರು "ನಾಳ ಗಡಸಾಗಿದೆ" ಎಂಬ ಹಳೆಯ ಮಾತಿಗೆ ತಿಲಾಂಜಲಿಯಿತ್ತು, ಬುದ್ಧಿ ಕೆಡುವುದು ನಾಳ ಗಡಸಾದದ್ದರಿಂದಲ್ಲ, ಮಿದುಳಿನ ಭಾಗಗಳು ಮೇಲಿಂದ ಮೇಲೆ ಸತ್ತದ್ದರಿಂದ ಎಂದರು. ಎರಡೂ ಬೇಕಾಗಿದ್ದ ತಿದ್ದುಪಡಿಗಳು. ಆದರೆ ಅಳತೆಯನ್ನೇ ನೆಚ್ಚಿದರೆ ಸ್ಥಳದ ಮಹತ್ವ ಮರೆಯುತ್ತದೆ. ಹೊಲದ ನಡುವೆ ಹಳ್ಳ ಬಿದ್ದರೆ ಒಂದು ಮಾತು; ಅಷ್ಟೇ ಹಳ್ಳ ಸೇತುವೆಯ ಮೇಲೆ ಬಿದ್ದರೆ ಇನ್ನೊಂದು ಮಾತು. ಮೂರರಿಂದ ಹದಿನೈದು ಮಿಲಿಮೀಟರಿನ ಗುಣಿ ಮಿದುಳಿನ ಆಳದ ಕೂಡುದಾರಿಯಲ್ಲಿ ಬಿದ್ದರೆ ಏನಾದೀತೆಂಬುದನ್ನು ತಿಳಿಯಲು ಬದುಕಿರುವವರ ಮಿದುಳನ್ನು ನೋಡಬೇಕಾಗಿತ್ತು.

ಯಂತ್ರದ ಕಣ್ಣು

ಆ ಕಣ್ಣು ಬಂದದ್ದು ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ. ಎಂ. ಐ. ಕಂಪನಿಯಿಂದ. ಅಲ್ಲಿನ ಇಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ. ಟಿ. ಸ್ಕ್ಯಾನ್ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ಎಕ್ಸ್-ಕಿರಣಗಳನ್ನು ಸುತ್ತಲಿಂದ ಹಾಯಿಸಿ, ಗಣಕಯಂತ್ರದಿಂದ ಲೆಕ್ಕ ಹಾಕಿಸಿ, ಬುರುಡೆ ತೆರೆಯದೆಯೇ ಮಿದುಳಿನ ಹೋಳನ್ನು ತೋರಿಸುವ ಉಪಾಯ ಇದು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಕ್ ಇವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅನಂತರ ಬಂದ ಎಂ. ಆರ್. ಐ. ಯಂತ್ರ ಎಕ್ಸ್-ಕಿರಣವನ್ನೂ ಬಿಟ್ಟು, ಬಲವಾದ ಅಯಸ್ಕಾಂತದ ನಡುವೆ ಶರೀರದ ನೀರಿನಲ್ಲಿರುವ ಜಲಜನಕದ ಪರಮಾಣುಗಳಿಂದಲೇ ಚಿತ್ರ ಬರೆಸಿತು. ನೀರಿನಂಶ ಹೆಚ್ಚಾದ ರೋಗಿಷ್ಠ ಭಾಗ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಆಗ ಬಂದದ್ದು ಹೊಸ ಪೇಚು. ಬಿನ್ಸ್‌ವಾಂಗರನ ರೋಗ ಅತ್ಯಪರೂಪವೆಂದು ಅಲ್ಲಿಯವರೆಗೆ ತಿಳಿದಿದ್ದರು. ಈಗ ನೋಡಿದರೆ ಮುದುಕರ ಮಿದುಳುಗಳಲ್ಲೆಲ್ಲ ಬಿಳಿಯ ಭಾಗ ಮಾಸಿದಂತೆ ಕಾಣುತ್ತಿದೆ. ಚಿತ್ರ ಕಂಡೊಡನೆ ಬಿನ್ಸ್‌ವಾಂಗರನ ಹೆಸರು ಬರೆದುಬಿಡುವ ಆತುರವೂ ಹುಟ್ಟಿತು. ಇದನ್ನು ತಡೆಯಲೆಂದೇ ಹಚಿನ್ಸ್ಕಿ ಮತ್ತು ಸಂಗಡಿಗರು 1987ರಲ್ಲಿ "ಲ್ಯೂಕೋ-ಅರಯೋಸಿಸ್" ಎಂಬ ಪದವನ್ನು ಗ್ರೀಕಿನಿಂದ ಟಂಕಿಸಿದರು. ಬಿಳಿಯದು ತೆಳುವಾಗಿದೆ ಎಂದಷ್ಟೇ ಅದರ ಅರ್ಥ. ಏಕೆ ತೆಳುವಾಯಿತೆಂದು ಅದು ಹೇಳುವುದಿಲ್ಲ. ಎಂ. ಆರ್. ಐ. ಚಿತ್ರದ ಹೊಳೆಯುವ ಚುಕ್ಕೆಗಳಿಗೆ ಹಾರುವ ತಟ್ಟೆಗಳನ್ನು ಅಣಕಿಸುವಂತೆ "ಗುರುತು ಸಿಗದ ಹೊಳೆವ ವಸ್ತುಗಳು" ಎಂದು ವಿನೋದದ ಹೆಸರಿಟ್ಟವರೂ ಉಂಟು. ಅದೇ ವರ್ಷ ಆಸ್ಟ್ರಿಯದ ಫ್ರಾಂಜ್ ಫಜೆಕಾಸ್ ಈ ಚುಕ್ಕೆಗಳನ್ನು ಸೊನ್ನೆಯಿಂದ ಮೂರರವರೆಗೆ ತರಗತಿಗಳಾಗಿ ವಿಂಗಡಿಸುವ ಕ್ರಮ ಹಾಕಿಕೊಟ್ಟ. ಇಂದು ನಮ್ಮ ಆಸ್ಪತ್ರೆಗಳ ವರದಿಯಲ್ಲಿಯೂ "ಫಜೆಕಾಸ್ ಒಂದು", "ಫಜೆಕಾಸ್ ಎರಡು" ಎಂದು ಬರೆಯುವುದು ಈ ಕ್ರಮದಂತೆ.

ಇಂಥ ವರದಿ ಕೈಗೆ ಬಂದಾಗ ಎದೆ ನಡುಗುವುದು ಸಹಜ. ಆದ್ದರಿಂದ ಹಾಲೆಂಡಿನ ರಾಟರ್‌ಡಾಮ್ ನಗರದಲ್ಲಿ ನಡೆದ ಅಧ್ಯಯನವನ್ನು ಇಲ್ಲಿ ಹೇಳಬೇಕು. ಅಲ್ಲಿ ಅರವತ್ತರಿಂದ ತೊಂಬತ್ತು ವಯಸ್ಸಿನ 1077 ನಾಗರಿಕರ ಮಿದುಳುಗಳ ಚಿತ್ರ ತೆಗೆದು ನೋಡಿದಾಗ, ಬಿಳಿಯ ಭಾಗದಲ್ಲಿ ಯಾವ ಕಲೆಯೂ ಇಲ್ಲದವರು ಶೇಕಡ 5 ಮಂದಿ ಮಾತ್ರವೆಂದು 2001ರಲ್ಲಿ ಪ್ರಕಟವಾಯಿತು. ಎಂದರೆ ತಲೆ ನರೆತಂತೆ ಮಿದುಳಿನಲ್ಲಿಯೂ ನಾಲ್ಕು ಚುಕ್ಕೆ ಬೀಳುವುದು ಸಾಮಾನ್ಯ. ಚುಕ್ಕೆ ಕಂಡೊಡನೆ ಬುದ್ಧಿ ಹೋಯಿತೆಂದು ತಿಳಿಯಬಾರದು.

ಹಾಗೆಂದು ಅಲಕ್ಷ್ಯವೂ ಸಲ್ಲದು. ಅದೇ ನಗರದ 2003ರ ಇನ್ನೊಂದು ವರದಿಯ ಪ್ರಕಾರ, ಕೈಕಾಲು ಸೋಲದೆ, ಯಾರಿಗೂ ತಿಳಿಯದೆ ಮಿದುಳಿನಲ್ಲಿ ಗುಣಿ ಬಿದ್ದಿದ್ದವರಿಗೆ ಮುಂದೆ ಬುದ್ಧಿ ಕುಂದುವ ಸಂಭವ ಇತರರಿಗಿಂತ ಎರಡು ಪಾಲಿಗೂ ಹೆಚ್ಚು. ಯೂರೋಪಿನ ಹನ್ನೊಂದು ಕೇಂದ್ರಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದ 639 ವೃದ್ಧರನ್ನು ಮೂರು ವರ್ಷ ಹಿಂಬಾಲಿಸಿ ನೋಡಿದವು. ಬಿಳಿಯ ಭಾಗದ ಕಲೆ ಅಲ್ಪವಾಗಿದ್ದವರಲ್ಲಿ ವರ್ಷಕ್ಕೆ ಶೇಕಡ 10.5 ಮಂದಿ ಪರಾವಲಂಬಿಗಳಾದರು ಅಥವಾ ತೀರಿಕೊಂಡರು. ಕಲೆ ತೀವ್ರವಾಗಿದ್ದವರಲ್ಲಿ ಶೇಕಡ 29.5 ಮಂದಿ. ಕಡಿಮೆ ಕಲೆ ನರೆಗೂದಲಿಗೆ ಸಮಾನವಾದರೆ ಹೆಚ್ಚು ಕಲೆ ರೋಗಕ್ಕೆ ಸಮಾನ.

2013ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ ಈ ರೋಗದ ಚಿತ್ರಲಕ್ಷಣಗಳನ್ನು ಪಟ್ಟಿಮಾಡಿದರು: ಹೊಸದಾಗಿ ಸತ್ತ ಕಿರುಭಾಗ, ಹಳೆಯ ಗುಣಿ, ಬಿಳಿಯ ಭಾಗದ ಹೊಳಪು, ನಾಳದ ಸುತ್ತ ಹಿಗ್ಗಿದ ತೆರಪು, ಸಾಸಿವೆಯಷ್ಟು ರಕ್ತ ಸೋರಿದ ಗುರುತು, ಮಿದುಳು ಕುಗ್ಗಿದ್ದು. ಈ ಆರರಲ್ಲಿ ಗುಣಿ ಬೇರೆ, ನಾಳದ ತೆರಪು ಬೇರೆ ಎಂದು ನಮೂದಾಗಿರುವುದನ್ನು ವಾಚಕರು ಗಮನಿಸಬೇಕು. 1842ರಲ್ಲಿ ದ್ಯುರಾಂ-ಫಾರ್ದೆಲ್ ಬರಿಗಣ್ಣಿನಿಂದ ಹೇಳಿದ್ದನ್ನು ಕೋಟ್ಯಂತರ ಬೆಲೆಯ ಯಂತ್ರ 170 ವರ್ಷಗಳ ಮೇಲೆ ಅನುಮೋದಿಸಿತು.

ರಕ್ತದ ಒತ್ತಡವೇ ಇಲ್ಲದೆ, ಹರೆಯದಲ್ಲಿಯೇ ಬರುವ ಆನುವಂಶಿಕ ಬಗೆಯೂ ಒಂದುಂಟು. ಫ್ರಾನ್ಸಿನಲ್ಲಿ ಮಾರೀ-ಜರ್ಮೇನ್ ಬುಸೆ, ಎಲಿಜಬೆತ್ ತೂರ್ನಿಯೇ-ಲಾಸೆರ್ವ್ ಮತ್ತು ಸಂಗಡಿಗರು 1993ರಲ್ಲಿ ಅದರ ನೆಲೆಯನ್ನು ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ ಹಿಡಿದರು; 1996ರಲ್ಲಿ ದೋಷವುಳ್ಳ ಜೀನ್ ಯಾವುದೆಂಬುದೂ ಗೊತ್ತಾಯಿತು. ಕಿರುನಾಳ ಕೆಟ್ಟರೆ ಸಾಕು, ಬೇರೆ ಮುಪ್ಪಿನ ರೋಗ ಬೇಕಾಗಿಲ್ಲ, ಬುದ್ಧಿ ಕುಂದುತ್ತದೆ ಎಂಬುದಕ್ಕೆ ಈ ತರುಣ ರೋಗಿಗಳೇ ಪ್ರಮಾಣವಾದರು.

ಮನಸ್ಸಿಗೆ ಒರೆಗಲ್ಲು

ಚಿತ್ರ ಏನನ್ನೇ ತೋರಿಸಲಿ, ಮನಸ್ಸು ಹೇಗೆ ನಡೆಯುತ್ತಿದೆಯೆಂಬುದನ್ನು ಅದು ಹೇಳದು. ಅದಕ್ಕೆ ಎದುರು ಕುಳಿತು ಕೇಳಬೇಕು. ಏನನ್ನು ಕೇಳಬೇಕೆಂಬುದರಲ್ಲಿಯೂ ವೈದ್ಯರು ಬಹುಕಾಲ ಎಡವಿದರು. ಇವತ್ತು ಯಾವ ವಾರ, ಇದು ಯಾವ ಊರು, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಮುಂತಾಗಿ ಕೇಳುವ, 1975ರಿಂದ ಬಳಕೆಗೆ ಬಂದ ಪ್ರಸಿದ್ಧ ಪರೀಕ್ಷೆಯಲ್ಲಿ ಈ ರೋಗಿಗಳು ಸಲೀಸಾಗಿ ಪಾರಾಗುತ್ತಾರೆ. ಅದು ನೆನಪಿನ ಪರೀಕ್ಷೆ. ಇವರ ದೋಷ ಇರುವುದು ಬೇರೆ ಕಡೆ.

ಅದನ್ನು ಹೊರಗೆಡಹುವ ಪರೀಕ್ಷೆಗಳು ನೋಡಲು ಮಕ್ಕಳ ಆಟದಂತಿವೆ. ಕಾಗದದ ಮೇಲೆ ಚದುರಿದ ಅಂಕಿ ಅಕ್ಷರಗಳನ್ನು ಒಂದು, ಅ, ಎರಡು, ಆ ಎಂದು ಸರದಿಯಂತೆ ಗೆರೆಯಿಂದ ಕೂಡಿಸುವುದು ಒಂದು. 1944ರಲ್ಲಿ ಅಮೆರಿಕದ ಸೈನ್ಯದ ಪರೀಕ್ಷೆಗಳಲ್ಲಿ ಬಳಸಿದ್ದು ಅದು. "ಕೆಂಪು" ಎಂಬ ಪದವನ್ನು ಹಸಿರು ಶಾಯಿಯಲ್ಲಿ ಅಚ್ಚುಮಾಡಿ, ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಿ ಎನ್ನುವುದು ಇನ್ನೊಂದು. 1935ರಲ್ಲಿ ಸ್ಟ್ರೂಪ್ ಎಂಬ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಉಪಾಯವಿದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂಬುದು ಮೂರನೆಯದು. ಇವುಗಳಲ್ಲಿ ರೋಗಿ ತಡವರಿಸುತ್ತಾನೆ. ಇನ್ನೂ ಒಂದು ಭೇದವುಂಟು. ಹೇಳಿಕೊಟ್ಟ ಪದ ಮರೆತಂತೆ ತೋರಿದರೂ "ಅದೊಂದು ಹಣ್ಣು" ಎಂದು ಸುಳಿವು ಕೊಟ್ಟರೆ "ಮಾವು" ಎಂದುಬಿಡುತ್ತಾನೆ. ಆಲ್ಝೈಮರನ ರೋಗದಲ್ಲಿ ಸುಳಿವಿನಿಂದ ಇಂಥ ಉಪಕಾರ ಕಡಿಮೆ. ಒಬ್ಬನ ಉಗ್ರಾಣ ಬರಿದಾಗಿದೆ. ಇನ್ನೊಬ್ಬನಿಗೆ ಉಗ್ರಾಣದ ಬೀಗದ ಕೈ ಬೇಗ ಸಿಗುತ್ತಿಲ್ಲ. ಎರಡು ರೋಗಗಳೂ ಒಬ್ಬರಲ್ಲಿಯೇ ಕೂಡಿ ಬರುವುದೂ ಉಂಟು. ಆಗ ವಿಂಗಡಣೆ ಕಷ್ಟ.

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪು ತಿಳಿವಳಿಕೆಗೆ ಎಡೆಮಾಡುವುದು ಔದಾಸೀನ್ಯ. ಖಿನ್ನತೆಯುಳ್ಳವನಿಗೆ ದುಃಖವಿರುತ್ತದೆ. ಉದಾಸೀನನಾದವನಿಗೆ ದುಃಖವೂ ಇರುವುದಿಲ್ಲ; ಏನನ್ನಾದರೂ ಮಾಡಬೇಕೆಂಬ ತವಕವೇ ಬತ್ತಿಹೋಗಿರುತ್ತದೆ. ಗದರಿಸಿದರೆ ತವಕ ಹುಟ್ಟುವುದಿಲ್ಲ. ಮನೆಯವರು "ಬೇಕೆಂದೇ ಮಾಡುತ್ತಾರೆ" ಎಂದು ನೊಂದುಕೊಳ್ಳುವುದು ಇಲ್ಲಿಯೇ. ಬೇಕು ಎನ್ನುವ ಶಕ್ತಿಯೇ ಪೆಟ್ಟು ತಿಂದಿರುವಾಗ "ಬೇಕೆಂದೇ" ಎಂಬ ಮಾತಿಗೆ ಅರ್ಥವುಂಟೆ?

ಪರದೇಶದಲ್ಲಿ ಹುಟ್ಟಿದ ಒರೆಗಲ್ಲು ನಮ್ಮ ಚಿನ್ನಕ್ಕೆ ಸರಿಹೋಗಬೇಕೆಂಬ ನಿಯಮವಿಲ್ಲ. ಶಾಲೆಯ ಮೆಟ್ಟಲು ಹತ್ತದ ಅಜ್ಜಿಗೆ ಗೆರೆ ಎಳೆಯಲು ಬಾರದಿದ್ದರೆ ಅದು ರೋಗವಲ್ಲ. ಈ ದಿಕ್ಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಜನರಿಗೆ ಹೊಂದುವ ಅಳತೆಗಳೊಡನೆ 2004ರಲ್ಲಿ ತನ್ನದೇ ಆದ ಪರೀಕ್ಷಾಮಾಲೆಯನ್ನು ಹೊರತಂದಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ಸಿದ್ಧವಾದ ಪರೀಕ್ಷೆಗಳು ಕನ್ನಡವೂ ಸೇರಿ ಐದು ದೇಶಭಾಷೆಗಳಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರ ಬುದ್ಧಿ, ರಕ್ತ, ಮಿದುಳುಗಳನ್ನು ದೀರ್ಘಕಾಲ ಗಮನಿಸುವ ಕಾರ್ಯವನ್ನು ಕೈಗೊಂಡಿದೆ. ಪ್ಯಾರಿಸ್ಸಿನ ಮುದುಕರಿಂದ ಆರಂಭವಾದ ಕಥೆಯಲ್ಲಿ ಈಗ ನಮ್ಮ ಹಳ್ಳಿಗರೂ ಪಾತ್ರಧಾರಿಗಳು.

ಮದ್ದಿನ ಮಾತು

ಸತ್ತ ತಂತುಗಳನ್ನು ಬದುಕಿಸುವ ಮದ್ದು ಇಲ್ಲ. ಆದರೆ ಸಾಯುವುದನ್ನು ನಿಧಾನಗೊಳಿಸಲು ಸಾಧ್ಯ. ಅದರ ಸಾಧನ ಪ್ರತಿಯೊಬ್ಬ ಡಾಕ್ಟರ ಮೇಜಿನ ಮೇಲಿದೆ. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆಯುವ ಉಪಕರಣವನ್ನು 1896ರಲ್ಲಿ ಇಟಲಿಯ ರೀವಾ-ರೋಚ್ಚಿ ರೂಪಿಸಿದ. 1905ರಲ್ಲಿ ರಷ್ಯದ ಕೊರಟ್ಕಾಫ್ ಅದಕ್ಕೆ ನಾಡಿಯ ಸದ್ದು ಕೇಳುವ ಕ್ರಮವನ್ನು ಸೇರಿಸಿದ. ಅಳೆಯಲು ಬಂದರೂ ಇಳಿಸಬೇಕೆಂಬ ಬುದ್ಧಿ ಬರಲು ಅರ್ಧ ಶತಮಾನ ಹಿಡಿಯಿತು. ಗಡಸಾದ ನಾಳಗಳಲ್ಲಿ ರಕ್ತ ನುಗ್ಗಲು ಹೆಚ್ಚಿನ ಒತ್ತಡ ಅವಶ್ಯವೆಂದೇ ಅನೇಕ ವೈದ್ಯರು ನಂಬಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತ ಸೋರಿ ಸತ್ತಾಗ ಅವನ ಒತ್ತಡ 300ಕ್ಕೆ 190 ಇತ್ತು. ಲೋಕದ ಅತ್ಯಂತ ಬಲಶಾಲಿಯಾದ ಮನುಷ್ಯನಿಗೆ ಅಂದು ಕೊಡಲು ತಕ್ಕ ಮದ್ದಿರಲಿಲ್ಲ.

ಆ ಕೊರತೆಯನ್ನು ತುಂಬುವಲ್ಲಿ ನಮ್ಮ ಸರ್ಪಗಂಧಿಯ ಬೇರಿನದೂ ಪಾಲುಂಟು. ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅದರ ಗುಣವನ್ನು ಪ್ರಕಟಿಸಿದ ಮೇಲೆ ಪಾಶ್ಚಾತ್ಯರ ಗಮನ ಅತ್ತ ಹರಿಯಿತು. 1958ರಲ್ಲಿ ಉಪ್ಪನ್ನು ಮೂತ್ರದಲ್ಲಿ ಕಳೆಯುವ ಗುಳಿಗೆ ಬಂದಿತು. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪ್ರಯೋಗ, ಒತ್ತಡ ಇಳಿಸಿದರೆ ಅಪಾಯಗಳು ತಗ್ಗುತ್ತವೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು.

ಬುದ್ಧಿಯ ವಿಷಯದಲ್ಲಿ ಉತ್ತರ ಬಂದದ್ದು 2019ರಲ್ಲಿ. ಐವತ್ತು ದಾಟಿದ 9361 ಮಂದಿಯಲ್ಲಿ ಅರ್ಧದಷ್ಟು ಜನರ ಒತ್ತಡವನ್ನು 140ಕ್ಕಿಂತ ಕೆಳಗೂ ಉಳಿದವರದನ್ನು 120ಕ್ಕಿಂತ ಕೆಳಗೂ ಇರಿಸಲು ಯತ್ನಿಸಿದ ಅಮೆರಿಕದ ಪ್ರಯೋಗವದು. ಹೆಚ್ಚು ಇಳಿಸಿದವರಲ್ಲಿ ಬುದ್ಧಿಯ ಸೌಮ್ಯವಾದ ಕುಂದು ಸುಮಾರು ಐದನೆಯ ಒಂದು ಪಾಲು ಕಡಿಮೆಯಾಯಿತು. ಬಿಳಿಯ ಭಾಗದ ಕಲೆಗಳ ಬೆಳವಣಿಗೆಯೂ ನಿಧಾನವಾಯಿತು. ಪೂರ್ಣವಾಗಿ ಬುದ್ಧಿ ಕೆಡುವುದರಲ್ಲಿ ಕಂಡ ಇಳಿತ ಮಾತ್ರ ಖಚಿತವೆನ್ನುವಷ್ಟು ಇರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಎರಡು ಬಗೆ ಸೇರಿದರೆ ಇನ್ನೂ ಒಳ್ಳೆಯದೆಂಬ ಊಹೆಯಾದರೋ ಕೈಕೊಟ್ಟಿತು. ಕಿರುಗುಣಿಯ ಪಾರ್ಶ್ವವಾಯುವಾಗಿದ್ದ 3020 ಜನರಲ್ಲಿ ಅದನ್ನು ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಿತು ಎಂದು 2012ರಲ್ಲಿ ತಿಳಿದುಬಂದಿತು. ಆದ್ದರಿಂದ ಯಾರೋ ಹೇಳಿದರೆಂದು ಮಾತ್ರೆ ನುಂಗುವುದಾಗಲಿ, ಇಳಿವಯಸ್ಸಿನವರ ಒತ್ತಡವನ್ನು ತಲೆ ತಿರುಗಿ ಬೀಳುವಷ್ಟು ಇಳಿಸುವುದಾಗಲಿ ಸಲ್ಲದು. ವೈದ್ಯರ ಕೈಯಲ್ಲಿಯೇ ಅದು ನಡೆಯಬೇಕು.

ಕಿರುನಾಳಗಳು ಅರವತ್ತರಲ್ಲಿ ಕೆಡುವುದಿಲ್ಲ. ನಲವತ್ತರಲ್ಲಿ ಕೆಡಲು ತೊಡಗಿ ಅರವತ್ತರ ಮೇಲೆ ಲೆಕ್ಕ ಒಪ್ಪಿಸುತ್ತವೆ. ಒತ್ತಡ ಏರಿದ್ದು ಮೈಗೆ ತಿಳಿಯುವುದಿಲ್ಲವಾದ್ದರಿಂದ, ಕಚೇರಿ, ಬಸ್ಸು, ಕಾಫಿ, ಉಪ್ಪಿನಕಾಯಿಗಳ ನಡುವೆ ಓಡಾಡುತ್ತಿರುವ ನಡುವಯಸ್ಸಿನವರು ವರ್ಷಕ್ಕೊಮ್ಮೆಯಾದರೂ ಅಳೆಸಿಕೊಳ್ಳುವುದು, ಧೂಮಪಾನ ಬಿಡುವುದು, ಸಕ್ಕರೆ ರೋಗವಿದ್ದರೆ ಹತೋಟಿಯಲ್ಲಿಡುವುದು, ದಿನವೂ ನಡೆಯುವುದು ಇವೇ ಈಗಿನ ಮಟ್ಟಿಗೆ ತಿಳಿದಿರುವ ರಕ್ಷೆ. ರೋಗ ಆಗಲೇ ಬಂದಿರುವವರಿಗೆ ಬೇಕಾದದ್ದು ಬೇರೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಉತ್ತರಕ್ಕೆ ಕಾಯಬೇಕು, ಕೈಹಿಡಿದು ಎಬ್ಬಿಸಬೇಕು, ದಿನಚರಿಯನ್ನು ಒಂದೇ ಕ್ರಮದಲ್ಲಿ ನಡೆಸಬೇಕು, ದಾರಿಯಲ್ಲಿ ಎಡವುವಂಥ ಚಾಪೆ ಹೊಸಲುಗಳನ್ನು ಸರಿಪಡಿಸಬೇಕು. ತಾವಾಗಿ ಏಳಲಾರದವರು ಕೈಹಿಡಿದರೆ ಎದ್ದು ನಡೆಯುವುದನ್ನು ಅನೇಕ ಮನೆಗಳವರು ಕಂಡಿದ್ದಾರೆ.